ಕಮ್ಯುನಿಟಿ ಕಾಲೇಜಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ: ಮೊದಲು ಗಣಿತ ನೋಡಿಕೊಳ್ಳಿ

ಸೀಟು ಸಿಗದವರು ಹೋಗುವ ಜಾಗವೇ ಕಮ್ಯುನಿಟಿ ಕಾಲೇಜು ಎಂಬ ಮಾತು ಕ್ಯಾಲಿಫೋರ್ನಿಯಾದ ನಮ್ಮವರ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಆ ಮಾತು ದಯವಿಟ್ಟು ಬಿಡಿ. ಕ್ಯುಪರ್ಟಿನೋದ ಡಿ ಆಂಜಾ, ಫ್ರೀಮಾಂಟ್‌ನ ಓಲೋನಿ ಇವೆಲ್ಲ ಸರ್ಕಾರಿ ಕಾಲೇಜುಗಳು. ರಾಜ್ಯದಲ್ಲಿ ಇಂಥವು 116 ಇವೆ. ಎರಡು ವರ್ಷ ಇಲ್ಲಿ ಓದಿ, ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಸೇರಬಹುದು. ಇದನ್ನೇ ಟ್ರಾನ್ಸ್‌ಫರ್ ಎನ್ನುತ್ತಾರೆ. ಕೊನೆಗೆ ಸಿಗುವ ಡಿಗ್ರಿ ಆ ಯೂನಿವರ್ಸಿಟಿಯದೇ.

ಊರಿನಲ್ಲಿ ಪಿಸಿಎಂಬಿ ಅಂತ ಕಾಂಬಿನೇಷನ್ ಬರೆದುಕೊಟ್ಟರೆ ಆಯ್ತು, ಮುಂದಿನದನ್ನು ಕಾಲೇಜೇ ನೋಡಿಕೊಳ್ಳುತ್ತದೆ. ಇಲ್ಲಿ ಪ್ರತಿ ಟರ್ಮ್‌ಗೂ, ಅಂದರೆ ಸೆಮಿಸ್ಟರ್‌ನಂಥ ಪ್ರತಿ ಅವಧಿಗೂ, ಕೋರ್ಸ್ ಆರಿಸುವುದು ವಿದ್ಯಾರ್ಥಿಯ ಕೆಲಸ. ಎಡವುವುದೂ ಇಲ್ಲೇ.

ಫಿಸಿಕ್ಸ್ ಒಂದೇ ಅಲ್ಲ, ಮೂರು ಬಗೆ. ಡಿ ಆಂಜಾದಲ್ಲಿ ಫಿಸಿಕ್ಸ್ 10 ಬರೀ ಪರಿಚಯಕ್ಕೆ, ವಿಜ್ಞಾನ ಮುಂದುವರಿಸದವರಿಗೆ. 2ಎಯಿಂದ ಶುರುವಾಗುವ ಸರಣಿಯಲ್ಲಿ ಕ್ಯಾಲ್ಕುಲಸ್ ಇಲ್ಲ. ಬಯಾಲಜಿ, ವೈದ್ಯಕೀಯದ ಕಡೆ ಹೋಗುವವರು ಹೆಚ್ಚಾಗಿ ಅದನ್ನು ತೆಗೆದುಕೊಳ್ಳುತ್ತಾರೆ. ಫಿಸಿಕ್ಸ್ ಅಥವಾ ಎಂಜಿನಿಯರಿಂಗ್ ಡಿಗ್ರಿ ಬೇಕಾದವರಿಗೆ 4ಎ, 4ಬಿ, 4ಸಿ, 4ಡಿ. ಹೆಸರು ಹತ್ತಿರ ಹತ್ತಿರ ಇದೆ ಅಂತ ಸುಮ್ನೆ 2ಎಗೆ ಸೇರಿದರೆ, ಆಮೇಲೆ 4ಎಯಿಂದ ಮತ್ತೆ ಶುರು ಮಾಡಬೇಕಾಗಬಹುದು.

4ಎ ಸೇರಲು ಕ್ಯಾಲ್ಕುಲಸ್‌ನ ಮೊದಲ ಕೋರ್ಸ್ ಮುಗಿದಿರಬೇಕು. ಹೀಗಾಗಿ ಗಣಿತ ಒಂದು ಟರ್ಮ್ ತಡವಾದರೆ ಫಿಸಿಕ್ಸ್ ಕೂಡ ತಡ. 4ಎ ಇಲ್ಲದೆ 4ಬಿ ಇಲ್ಲ, ಎಲ್ಲವೂ ಒಂದರ ಹಿಂದೆ ಒಂದು. ಕ್ಯಾಲ್ಕುಲಸ್‌ಗೆ ಮುಂಚಿನ ಗಣಿತವಾದ ಪ್ರೀಕ್ಯಾಲ್ಕುಲಸ್‌ನಿಂದ ಶುರು ಮಾಡುವವರು ಎರಡು ವರ್ಷದಲ್ಲೇ ಮುಗಿಸಬೇಕು ಎಂಬ ಒತ್ತಡ ಹಾಕಿಕೊಳ್ಳುವುದು ಬೇಡ. ಮಕ್ಕಳ ಮೇಲೆ ನೀವೂ ಹಾಕಬೇಡಿ. ಫಿಸಿಕ್ಸ್, ಕೆಮಿಸ್ಟ್ರಿ, ಕ್ಯಾಲ್ಕುಲಸ್ ಮೂರನ್ನೂ ಒಂದೇ ಟರ್ಮ್‌ಗೆ ತುಂಬಿದರೆ ಲ್ಯಾಬ್ ರಿಪೋರ್ಟ್ ಬರೆಯುವುದರಲ್ಲೇ ವಾರ ಕಳೆದುಹೋಗುತ್ತದೆ. ಗ್ರೇಡ್ ಬಿದ್ದರೆ ಟ್ರಾನ್ಸ್‌ಫರ್‌ಗೆ ಪೆಟ್ಟು.

ಫೀಸು ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್‌ಗೆ (ಕೋರ್ಸಿನ ಗಾತ್ರ ಅಳೆಯುವ ಕ್ರೆಡಿಟ್) 46 ಡಾಲರ್, ಸೆಮಿಸ್ಟರ್ ಬದಲು ಚಿಕ್ಕ ಕ್ವಾರ್ಟರ್‌ಗಳಲ್ಲಿ ಪಾಠ ನಡೆಯುವ ಡಿ ಆಂಜಾದಂಥ ಕಾಲೇಜಿನಲ್ಲಿ ಯೂನಿಟ್‌ಗೆ 31. ಒಂದು ವರ್ಷಕ್ಕಿಂತ ಜಾಸ್ತಿ ಇಲ್ಲಿ ನೆಲೆಸಿರುವುದಕ್ಕೆ ದಾಖಲೆ ತೋರಿಸಿದರೆ ಎಚ್-4 ವೀಸಾದವರಿಗೂ (ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಸಂಗಾತಿ, ಮಕ್ಕಳು) ಈ ದರ ಸಿಗಬಹುದು. ವಿದ್ಯಾರ್ಥಿ ವೀಸಾ ಆದ ಎಫ್-1ರಲ್ಲಿ ಬಂದವರಿಗೆ ಫೀಸು ಎಷ್ಟೋ ಪಟ್ಟು ಹೆಚ್ಚು. ಮಕ್ಕಳ ಎಚ್-4 ವೀಸಾ 21 ವರ್ಷಕ್ಕೆ ಮುಗಿಯುತ್ತದೆ ಅಲ್ವಾ, ಆ ಲೆಕ್ಕವನ್ನು ಸೇರುವಾಗಲೇ ಹಾಕಿ.

ಅಸಿಸ್ಟ್ ಎಂಬ ರಾಜ್ಯದ ಉಚಿತ ಜಾಲತಾಣ ಇದೆ. ನಿಮ್ಮ ಕಾಲೇಜು, ಸೇರಬೇಕಾದ ಯೂನಿವರ್ಸಿಟಿ, ಓದಬೇಕಾದ ವಿಷಯ ಆರಿಸಿದರೆ ಇಲ್ಲಿನ ಯಾವ ಕೋರ್ಸ್ ಅಲ್ಲಿ ಯಾವುದಕ್ಕೆ ಸಮ ಎಂದು ತೋರಿಸುತ್ತದೆ. ಪಕ್ಕದ ಮನೆಯವರ ಸಲಹೆಗಿಂತ ಇದನ್ನು ನಂಬಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳು, ಹೇಳಿದ ಕೋರ್ಸ್ ಮತ್ತು ಗ್ರೇಡ್ ಇದ್ದರೆ ಸೀಟು ಕೊಡುವುದಾಗಿ ಮೊದಲೇ ಒಪ್ಪಿಕೊಳ್ಳುತ್ತವೆ. ಅದಕ್ಕೆ ಟ್ಯಾಗ್ ಎನ್ನುತ್ತಾರೆ. ಎಲ್ಲ ವಿಷಯಕ್ಕೂ ಇಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಇದರಲ್ಲಿಲ್ಲ. ಮುಂದಿನ ವರ್ಷದ ಫಾಲ್‌ಗೆ, ಅಂದರೆ ಶರತ್ಕಾಲದ ಟರ್ಮ್‌ಗೆ, ಟ್ಯಾಗ್ ಅರ್ಜಿಯನ್ನು ಸೆಪ್ಟೆಂಬರ್ 1ರಿಂದ 30ರೊಳಗೆ ಹಾಕಬೇಕು. ಅಸಿಸ್ಟ್‌ನ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಂಡು, ಮೊದಲ ಟರ್ಮ್‌ನಲ್ಲೇ ಕಾಲೇಜಿನ ಕೌನ್ಸೆಲರ್ ಹತ್ತಿರ ಕೂತು ಎಲ್ಲ ಟರ್ಮ್‌ಗಳ ಯೋಜನೆ ಬರೆಸಿಕೊಳ್ಳಿ.