ಗುಂಡು ಹಾಕಿದ ರಾತ್ರಿಯನ್ನು ನಗು ಬರುವಂತೆ ಬರೆಯುವುದು ಹೇಗೆ?

ಗಂಡಸರ ಗುಂಡು-ತುಂಡಿನ ನೆನಪುಗಳಿಗೆ ಓದುಗರು ಯಾವತ್ತೂ ಇದ್ದಾರೆ. ಬಿಲ್ ಕಟ್ಟದೆ, ತಲೆನೋವಿಲ್ಲದೆ, ಮನೆಯಲ್ಲಿ ಬೈಸಿಕೊಳ್ಳದೆ ಮಿತಿಮೀರಿದ ಒಂದು ರಾತ್ರಿಯನ್ನು ಸುತ್ತಿ ಬರುವ ಸುಖ ಅದರಲ್ಲಿದೆ. ಆದರೂ ಇಂಥ ಬರಹಗಳಲ್ಲಿ ಹೆಚ್ಚಿನವು ಓದಿಸಿಕೊಳ್ಳುವುದಿಲ್ಲ. ಬರೆದವನು ತನ್ನ ಶೌರ್ಯ ಕೊಚ್ಚಿಕೊಂಡಿರುತ್ತಾನೆ. ಓದುಗರಿಗೆ ನಗು ಬರುವುದು ಅವನು ಪೇಚಿಗೆ ಸಿಕ್ಕಾಗ.

ಒಂದೇ ರಾತ್ರಿ ಆರಿಸಿಕೊಳ್ಳಿ. ಕಾಲೇಜಿನ ನಾಲ್ಕು ವರ್ಷವನ್ನೆಲ್ಲ ಹರಡಿದರೆ ಯಾವುದೂ ಕಣ್ಣಿಗೆ ಕಟ್ಟುವುದಿಲ್ಲ. 800 ಪದಗಳ ಬರಹವಾದರೆ ಕುಡಿಯುವುದಕ್ಕೆ 100 ಪದ ಸಾಕು, ಕುಡಿದು ಮಾಡಿದ ಎಡವಟ್ಟಿಗೆ 300, ಉಳಿದದ್ದೆಲ್ಲ ಮರುದಿನ ಬೆಳಿಗ್ಗೆಗೆ. ಹೊಸಬರು ಇದನ್ನು ಉಲ್ಟಾ ಮಾಡಿ ಗ್ಲಾಸು ಎಣಿಸುವುದರಲ್ಲೇ ಅರ್ಧ ಬರಹ ಮುಗಿಸುತ್ತಾರೆ.

ಅಳತೆ ಸರಿಯಾಗಿರಲಿ. "ಸಿಕ್ಕಾಪಟ್ಟೆ ಕುಡಿದ್ವಿ" ಅಂದರೆ ಏನೂ ಹೇಳಿದಂತಾಗಲಿಲ್ಲ. ನೈಂಟಿ ಅಂದರೆ 90 ಎಂಎಲ್, ಕ್ವಾರ್ಟರ್ 180, ಫುಲ್ ಬಾಟಲಿ 750. ನಾಲ್ಕು ಜನ ಒಂದು ಫುಲ್ ಹಂಚಿಕೊಂಡರೆ ತಲಾ ಎರಡು ನೈಂಟಿ ಹೋಗಿ 30 ಎಂಎಲ್ ಉಳಿಯುತ್ತದೆ. ಆ 30 ಯಾರ ಗ್ಲಾಸಿಗೆ ಅನ್ನುವ ಜಗಳದಲ್ಲೇ ಒಂದು ಒಳ್ಳೆಯ ಬರಹವಿದೆ. ಅದು ಬಿಟ್ಟು, ಒಬ್ಬನೇ ಆರು ನೈಂಟಿ ಏರಿಸಿ ಆಮೇಲೆ ನೆಟ್ಟಗೆ ನಿಂತು ಭಾಷಣ ಮಾಡಿದ ಅಂತ ಬರೆದರೆ, ಅದು 540 ಎಂಎಲ್. ಗೊತ್ತಿರುವವರು ಅಲ್ಲಿಗೇ ನಂಬುವುದು ಬಿಡುತ್ತಾರೆ.

ಇನ್ನು ಎಡವಟ್ಟು. ಅದು ಚಿಕ್ಕದಿರಬೇಕು, ಅದರ ಬೆಲೆ ಕಥೆ ಹೇಳುವವನೇ ತೆರಬೇಕು. ಉದಾಹರಣೆಗೆ ಇದನ್ನು ನೋಡಿ:

"ಎರಡನೇ ನೈಂಟಿಗೆ ಸಪ್ಲೈಯರ್ ನನ್ನ ತಮ್ಮನಾದ. ಮೂರನೆಯದಕ್ಕೆ ಮನೆ ಓನರ್ ದೇವರಂಥ ಮನುಷ್ಯ ಅನಿಸಿ ಫೋನ್ ಹಚ್ಚಿದೆ. 'ಅಂಕಲ್, ಬಾಡಿಗೆ ತುಂಬಾ ಕಮ್ಮಿ ಇದೆ, ಎರಡು ಸಾವಿರ ಏರಿಸಿ' ಅಂತ ಅತ್ತುಬಿಟ್ಟೆ. ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದು. ಅಂಕಲ್ ಕೈಯಲ್ಲಿ ಹನ್ನೊಂದು ತಿಂಗಳ ಹೊಸ ಅಗ್ರಿಮೆಂಟು, ಜೇಬಲ್ಲಿ ಪೆನ್ನು."

ಇಲ್ಲಿ ಕುಡಿತದ ವರ್ಣನೆ ಇಲ್ಲವೇ ಇಲ್ಲ, ಅಮಲು ಮಾತಿನಲ್ಲೇ ಏರಿದೆ. ಬೆಂಗಳೂರಿನ ಬಾಡಿಗೆದಾರರಿಗೆ ಆ ಪೆನ್ನು ನೋಡಿದರೇ ಎದೆ ಧಸಕ್ಕೆನ್ನುತ್ತದೆ, ನಗುವೂ ಅಲ್ಲೇ ಹುಟ್ಟುತ್ತದೆ.

ಮಾತು ಆಡುಮಾತೇ ಆಗಿರಲಿ. ಜಿ.ಪಿ. ರಾಜರತ್ನಂ ಕುಡಿಯುತ್ತಿರಲಿಲ್ಲ, ಅವರ 'ರತ್ನನ ಪದಗಳು' ಕವನಗಳ ಕುಡುಕ ರತ್ನ ಮಾತ್ರ ಇವತ್ತಿಗೂ ಜನರ ಬಾಯಲ್ಲಿದ್ದಾನೆ. ಹೆಂಡಕ್ಕಿಂತ ಹೆಚ್ಚಾಗಿ ಅವನ ನಾಲಿಗೆ, ಹೆಂಡತಿ ಪುಟ್ನಂಜಿಯ ಮೇಲಿನ ಪ್ರೀತಿ ಅವನನ್ನು ಉಳಿಸಿವೆ. "ಮಗಾ", "ಗುರು" ಅನ್ನುವವರ ಬಾಯಿಗೆ ಗ್ರಂಥಭಾಷೆ ತುರುಕಿದರೆ ಅಮಲು ಇಳಿದೇ ಹೋಗುತ್ತದೆ.

ಕುಡಿದು ಗಾಡಿ ಓಡಿಸಿದ್ದನ್ನು ತಮಾಷೆ ಮಾಡಬೇಡಿ. 100 ಎಂಎಲ್ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಅಪರಾಧ. ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದಕ್ಕಿಂತ ಮುಖ್ಯವಾಗಿ, ಓದುಗರ ಕಣ್ಣ ಮುಂದೆ ರಸ್ತೆ ದಾಟುತ್ತಿರುವ ಯಾರೋ ಬಂದು ನಿಲ್ಲುತ್ತಾರೆ, ನಗು ಸತ್ತುಹೋಗುತ್ತದೆ. ಪಾತ್ರವನ್ನು ಆಟೋ ಹತ್ತಿಸಿ. ರಾತ್ರಿ ಹತ್ತರ ಮೇಲಿನ ಒನ್ ಅಂಡ್ ಹಾಫ್ ಚೌಕಾಸಿಯಲ್ಲಿ ಬೇಕಾದಷ್ಟು ಸರಕಿದೆ. ಹಾಗೆಯೇ, ಕಥೆಯಲ್ಲಿ ಬರುವ ಹೆಂಗಸನ್ನು ನಗೆಪಾಟಲು ಮಾಡಿದರೆ ಅರ್ಧ ಓದುಗರು ಎದ್ದು ಹೋಗುತ್ತಾರೆ. ಅವಳಿಗೆ ಕೊನೆಯ ಮಾತು ಕೊಡಿ, ಬರಹ ಎದ್ದು ನಿಲ್ಲುತ್ತದೆ. ಗೆಳೆಯರ ಹೆಸರು, ಏರಿಯಾ, ಕೆಲಸ ಮೂರನ್ನೂ ಬದಲಿಸಿ, ಅಚ್ಚಿಗೆ ಮೊದಲು ಅವರಿಗೆ ತೋರಿಸಿ.

ಕೊನೆಗೆ, ಆ ರಾತ್ರಿ ಜೊತೆಗಿರದ ಒಬ್ಬರಿಗೆ ಜೋರಾಗಿ ಓದಿ ಹೇಳಿ. "ನೀನು ಅಲ್ಲಿ ಇರಬೇಕಿತ್ತು" ಅನ್ನಬೇಕೆನಿಸಿದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಅಲ್ಲಿ ವಿವರ ಸಾಲದು. "ಅಂದಿನಿಂದ ಕುಡಿಯುವುದನ್ನೇ ಬಿಟ್ಟೆ" ಅನ್ನುವ ಪ್ಯಾರಾ ಇದ್ದರೆ ಹೊಡೆದುಹಾಕಿ, ಓನರ್ ಪೆನ್ನಿನ ಕ್ಯಾಪು ತೆಗೆಯುವಲ್ಲಿಗೆ ನಿಲ್ಲಿಸಿ.