ಲಿನಕ್ಸ್‌ನಾಗ ಕನ್ನಡದ ಬಾಜೂಕ ಜಪಾನೀಸ್ ಕೂಡಿಸೋದು ಹೆಂಗ?

ನಮ್ಮ ಬೆಳಗಾವ್ಯಾಗ ಒಂದ ಮಾತಿನೊಳಗ ಕನ್ನಡ, ಮರಾಠಿ, ಹಿಂದಿ ಮೂರೂ ಬಂದು ಹೋಗ್ತಾವು, ಹಂಗಿದ್ದಾಗ ಕಂಪ್ಯೂಟರ್ ಯಾಕ ಒಂದ ಭಾಷಾದಾಗ ಇರಬೇಕ್ರಿ? ಟಿಳಕವಾಡ್ಯಾಗಿರೋ ನಮ್ಮ ಅಕ್ಕನ ಮಗಳು ಡಿಸೆಂಬರ್‌ನ ಜೆಎಲ್‌ಪಿಟಿ ಎನ್5 (ಜಪಾನೀಸ್ ಭಾಷಾ ಪರೀಕ್ಷಾದ ಮೊದಲ ಹಂತ) ಪರೀಕ್ಷಾಕ್ಕ ಜಪಾನೀಸ್ ಓದಾಕತ್ತಾಳ, ಅಕಿ ಲ್ಯಾಪ್‌ಟಾಪಿಗೆ ಉಬುಂಟು 24.04 (ಲಿನಕ್ಸ್‌ನ ಒಂದು ನಮೂನಿ) ಹಾಕಿದಾಗ ಏನೇನ್ ಮಾಡಿದ್ವಿ ಅನ್ನೋದನ್ನ ಬರೀತೀನಿ.

ಮೊದಲ ಮಾತು, ಇಡೀ ಸಿಸ್ಟಮ್ ಭಾಷಾ ಬದಲಿ ಮಾಡಬ್ಯಾಡ್ರಿ. ಮೆನು ಎಲ್ಲಾ ಜಪಾನೀಸ್ ಆತಂದ್ರ ವಾಪಸ್ ಬರೋ ದಾರಿನೂ ಜಪಾನೀಸ್‌ನಾಗ ಇರ್ತೈತಿ, ಓದೋರ್ಯಾರು? ನಮಗ ಬೇಕಾಗಿದ್ದು ಅಕ್ಷರ ಕಾಣೋದು ಮತ್ತ ಟೈಪ್ ಆಗೋದು, ಅಷ್ಟ.

ಟರ್ಮಿನಲ್ (ಕಮಾಂಡ್ ಬರಿಯೋ ಕಿಟಕಿ) ತಗದು ‘ಸುಡೋ ಆಪ್ಟ್ ಇನ್‌ಸ್ಟಾಲ್’ (sudo apt install) ಅಂತ ಹೊಡದು ಮುಂದ ಮೂರು ಪ್ಯಾಕೇಜ್ ಹೆಸರು ಬರೀರಿ: ಫಾಂಟ್ಸ್-ನೋಟೋ-ಸಿಜೆಕೆ, ಐಬಸ್-ಮೊಜ್ಕ್, ಐಬಸ್-ಎಂ17ಎನ್ (fonts-noto-cjk ibus-mozc ibus-m17n). ಎಲ್ಲಾ ಇಂಗ್ಲಿಷ್ ಸಣ್ಣ ಅಕ್ಷರದಾಗ, ನಡುವ ಸ್ಪೇಸ್ ಬಿಡ್ರಿ. ಮೊದಲನೇದು ಫಾಂಟ್, ಇದಿಲ್ಲಂದ್ರ ಅಕ್ಷರದ ಜಾಗಾದಾಗ ಖಾಲಿ ಚೌಕ ಕಾಣ್ತಾವು. ಆ ಚೌಕಕ್ಕ ಟೋಫು ಅಂತಾರ, ನೋಟೋ ಅನ್ನೋ ಹೆಸರು ಬಂದಿದ್ದ ‘ನೋ ಟೋಫು’ ಅನ್ನೋದ್ರಿಂದ. ಮೊಜ್ಕ್ ಜಪಾನೀಸ್ ಟೈಪಿಂಗಿಗೆ, ಗೂಗಲ್‌ನವರು 2010ರಾಗ ಓಪನ್ ಸೋರ್ಸ್ ಮಾಡಿದ್ದು. ಕಡೀದು ನಮ್ಮ ಕನ್ನಡಕ್ಕ. ನುಡಿ ರೂಢಿ ಇದ್ದವರಿಗೆ ಅದೇ ಕಗಪ ಕೀಲಿಮಣೆ ಇದರಾಗೂ ಸಿಗ್ತೈತಿ, ಮರಾಠಿನೂ ಐತಿ.

ಆಮ್ಯಾಗ ಒಮ್ಮೆ ಲಾಗ್‌ಔಟ್ ಆಗಿ ಲಾಗಿನ್ ಆಗ್ರಿ, ಇದನ್ನ ಬಿಟ್ರ ಪಟ್ಟಿಯೊಳಗ ಮೊಜ್ಕ್ ಕಾಣಂಗಿಲ್ಲ.

ಈಗ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್, ಪ್ಲಸ್ ಒತ್ತಿ ಜಪಾನೀಸ್. ಇಲ್ಲೇ ನಾವು ಒಂದ ತಾಸು ಕಳಕೊಂಡ್ವಿ. ಅಲ್ಲಿ ಬರೇ ‘ಜಪಾನೀಸ್’ ಅಂತ ಒಂದು ಇರ್ತೈತಿ, ‘ಜಪಾನೀಸ್ ಮೊಜ್ಕ್’ ಅಂತ ಇನ್ನೊಂದು. ಬರೇ ಜಪಾನೀಸ್ ಅಂದ್ರ ಕೀಬೋರ್ಡ್ ಲೇಔಟ್ ಅಷ್ಟ, ಅದನ್ನ ಆರಿಸಿದ್ರ ಇಂಗ್ಲಿಷ್ ಅಕ್ಷರಾನ ಬೀಳ್ತಾವು, ಚಿಹ್ನೆಗಳು ಅದಲು ಬದಲು ಆಗ್ತಾವು. ಮೊಜ್ಕ್‌ನ ತಗೋರಿ, ಮ್ಯಾಲಿನ ಪಟ್ಟಿಯ ಐಕಾನ್‌ನಿಂದ ಹಿರಗಾನಾ (ಉಚ್ಚಾರದ ಪ್ರಕಾರ ಬರಿಯೋ ಜಪಾನೀಸ್ ಅಕ್ಷರ) ಮೋಡ್ ಹಾಕ್ರಿ. ಭಾಷಾ ಬದಲಿಗೆ ವಿಂಡೋಸ್ ಕೀ ಹಿಡದು ಸ್ಪೇಸ್.

ಟೈಪ್ ಮಾಡೋದು ಉಚ್ಚಾರದ ಪ್ರಕಾರ, ಸ್ಪೇಸ್ ಒತ್ತಿದ್ರ ಕಾಂಜಿ (ಚೀನಾದಿಂದ ಬಂದ ಚಿತ್ರದಂಥಾ ಅಕ್ಷರ) ಆಗ್ತೈತಿ, ಬ್ಯಾರೆ ಬೇಕಂದ್ರ ಮತ್ತ ಸ್ಪೇಸ್, ಕಡೀಕ ಎಂಟರ್. ‘ನ್’ ಅಕ್ಷರಕ್ಕ ಎನ್ ಕೀ ಎರಡು ಸಲ ಒತ್ತೋ ರೂಢಿ ಮಾಡ್ಕೋರಿ. ನಮ್ಮ ಹುಡುಗಿ ‘ಕಿನ್-ಎನ್’ ಅಂತ ಬರಿಯಾಕ ಹೋಗಿ ನಡುವ ಒಂದ ಎನ್ ಒತ್ತಿದ್ಲು, ‘ಕಿ-ನೆನ್’ ಆತು. ಮೊದಲನೇದಕ್ಕ ಧೂಮಪಾನ ನಿಷೇಧ, ಎರಡನೇದಕ್ಕ ಸ್ಮರಣಾರ್ಥ ಅಂತ ಅರ್ಥ!

ಜಪಾನಿನ ವಿಂಡೋಸ್‌ನಿಂದ ಬಂದ ಹಳೆ ಜಿಪ್ ಫೈಲ್ ಬಿಚ್ಚಿದಾಗ ಹೆಸರು ಕಲಸಿ ಕಂಡ್ರ ಹೆದರಬ್ಯಾಡ್ರಿ, ಅನ್‌ಜಿಪ್ ಕಮಾಂಡಿಗೆ ಮೈನಸ್ ದೊಡ್ಡ ಓ, ಸ್ಪೇಸ್, ಸಿಪಿ932 (-O cp932, ಇದು ಜಪಾನೀಸ್ ವಿಂಡೋಸ್‌ನ ಹಳೆ ಅಕ್ಷರ ಸಂಕೇತ) ಅಂತ ಸೇರಿಸಿ ಮತ್ತೊಮ್ಮೆ ಬಿಚ್ರಿ.