ಎಕೋ ಕ್ಯಾಸೆಟ್ಟುಗಳನ್ನು ನಾವು ಇಟ್ಟ ರೀತಿ

ತೊಂಬತ್ತರ ದಶಕದಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯ ಎಕೋ ಕೋಣೆಯಲ್ಲಿ ನಾನು ಟೆಕ್ನಿಷಿಯನ್. ಎಕೋ ಎಂದರೆ ಶಬ್ದತರಂಗದಿಂದ ಹೃದಯದ ಚಲಿಸುವ ಚಿತ್ರ ನೋಡುವ ಪರೀಕ್ಷೆ. ಹೃದಯದ ಕವಾಟ ಹೇಗೆ ತೆರೆಯುತ್ತದೆ, ಹೇಗೆ ಮುಚ್ಚುತ್ತದೆ ಎಂಬುದು ಪ್ರಿಂಟ್ ತೆಗೆದರೆ ಕಾಣುವುದಿಲ್ಲ. ಹಾಗಾಗಿ ಯಂತ್ರದಿಂದ ವಿಡಿಯೋ ಕ್ಯಾಸೆಟ್ ರೆಕಾರ್ಡರ್, ಅಂದರೆ ವಿಸಿಆರ್‌ಗೆ ವೈರು ಎಳೆದು ಎಲ್ಲವನ್ನೂ ಕ್ಯಾಸೆಟ್ಟಿಗೆ ತುಂಬಿಸುತ್ತಿದ್ದೆವು.

ಮಾಮೂಲಿ ವಿಡಿಯೋ ಕ್ಯಾಸೆಟ್ ಮಾದರಿಯಾದ ವಿಎಚ್‌ಎಸ್‌ನಲ್ಲಿ ಅಡ್ಡಡ್ಡ ಸಿಗುವ ಸ್ಪಷ್ಟತೆ ಸುಮಾರು 240 ಗೆರೆ. ಅದಕ್ಕಿಂತ ದೊಡ್ಡ ತೊಂದರೆ ಬಣ್ಣದ್ದು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್‌ನಲ್ಲಿ, ಕವಾಟದಿಂದ ಸೋರುವ ರಕ್ತದ ಧಾರೆ ಟೇಪಿನಲ್ಲಿ ಅಂಚು ಮೀರಿ ಹರಡಿ, ಇದ್ದದ್ದಕ್ಕಿಂತ ದಪ್ಪ ಕಾಣುತ್ತಿತ್ತು. 1987ರಲ್ಲಿ ಬಂದ ಸುಧಾರಿತ ಮಾದರಿ ಎಸ್‌-ವಿಎಚ್‌ಎಸ್ 400 ಗೆರೆ ದಾಟಿಸಿತು. ಎಸ್‌-ವಿಡಿಯೋ ಕೇಬಲ್ ಬೆಳಕಿನ ಸಂಕೇತವನ್ನೂ ಬಣ್ಣದ ಸಂಕೇತವನ್ನೂ ಬೇರೆ ಬೇರೆ ತಂತಿಯಲ್ಲಿ ಒಯ್ಯುತ್ತದೆ. ಆದರೂ ಸೋರಿಕೆ ಎಷ್ಟೆಂದು ಟೇಪು ನೋಡಿ ಅಳೆಯಬಾರದು, ರೋಗಿ ಮಂಚದ ಮೇಲಿರುವಾಗಲೇ ಅಳೆದು ಬರೆದಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಿಸಿಆರ್‌ನಲ್ಲಿ ಚಿತ್ರ ನಿಲ್ಲಿಸಲು ಪಾಸ್ ಒತ್ತಿದರೆ ಅದರ ಅರ್ಧದಷ್ಟು ಗೆರೆಗಳೇ ಕಾಣುವುದು. ಜೊತೆಗೆ ಟೇಪು ಸವೆಯಬಾರದೆಂದು ಕೆಲವು ನಿಮಿಷದಲ್ಲಿ ಯಂತ್ರ ತಾನೇ ನಿಂತುಬಿಡುತ್ತದೆ. ಅದಕ್ಕೆ ಮುಖ್ಯವಾದ ಚಿತ್ರವನ್ನು ಎಕೋ ಯಂತ್ರದಲ್ಲೇ ಫ್ರೀಜ್ ಮಾಡಿ, ರೆಕಾರ್ಡಿಂಗ್ ಹಾಗೆಯೇ ಓಡಲು ಬಿಡುತ್ತಿದ್ದೆ. ಮುಂದೆ ಪ್ಲೇ ಮಾಡಿದಾಗ ಆ ಚಿತ್ರ ಪೂರ್ತಿ ಗೆರೆಗಳೊಂದಿಗೆ ನಿಂತಿರುತ್ತಿತ್ತು.

ತುಂಬಿಸುವುದು ಸುಲಭ, ಹುಡುಕುವುದೇ ಕಷ್ಟ. ಬಲೂನಿನಿಂದ ಹೃದಯದ ಎಡಭಾಗದ ಮೈಟ್ರಲ್ ಕವಾಟ ಅಗಲಿಸಿಕೊಂಡು ಹೋದವರು ವರ್ಷ ಬಿಟ್ಟು ತಪಾಸಣೆಗೆ ಬಂದರೆ ಡಾಕ್ಟರು, "ಇವರ ಹಳೇ ಎಕೋ ತೆಗಿಯಪ್ಪಾ" ಎನ್ನುತ್ತಿದ್ದರು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಆ ಐದಾರು ನಿಮಿಷ ಎಲ್ಲಿದೆ? ಕ್ಯಾಸೆಟ್ ಹಾಕಿದೊಡನೆ ಪೂರ್ತಿ ಹಿಂದಕ್ಕೆ ಸುತ್ತಿ ಕೌಂಟರ್ ಸೊನ್ನೆಗೆ ತರುವುದು ನಮ್ಮ ಮೊದಲ ನಿಯಮ. ಎರಡು ರೋಗಿಗಳ ನಡುವೆ ಖಾಲಿ ಟೇಪು ಬಿಡುವಂತಿಲ್ಲ, ಏಕೆಂದರೆ ಗಂಟೆ ನಿಮಿಷ ತೋರಿಸುವ ಕೌಂಟರ್ ಖಾಲಿ ಜಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬರ ಪರೀಕ್ಷೆಯ ಮಧ್ಯೆ ನಿಲ್ಲಿಸುವುದಿದ್ದರೆ ಪಾಸ್. ರೋಗಿ ಬದಲಾದರೆ ಸ್ಟಾಪ್ ಮಾಡಿ ಮತ್ತೆ ರೆಕಾರ್ಡ್. ಹೊಸದಾಗಿ ರೆಕಾರ್ಡ್ ಶುರುವಾದಾಗೆಲ್ಲ ನಮ್ಮ ವಿಸಿಆರ್ ಟೇಪಿನ ಮೇಲೆ ಒಂದು ಗುರುತು ಹಾಕುತ್ತಿತ್ತು, ಇಂಡೆಕ್ಸ್ ಗುಂಡಿ ಒತ್ತಿದರೆ ಗುರುತಿನಿಂದ ಗುರುತಿಗೆ ಜಿಗಿಯುತ್ತಿತ್ತು. ಹೆಸರು, ಆಸ್ಪತ್ರೆ ನಂಬರು, ಕ್ಯಾಸೆಟ್ ನಂಬರು, ಕೌಂಟರ್, ಕಾಯಿಲೆ ಎಲ್ಲ ರಿಜಿಸ್ಟರಿನಲ್ಲಿ. ಹಳೆಯದನ್ನೂ ಹೊಸದನ್ನೂ ಹೋಲಿಸಲು ಎರಡು ವಿಸಿಆರ್, ಎರಡು ಟಿವಿ ಅಕ್ಕಪಕ್ಕ ಇಟ್ಟಿದ್ದೆವು.

ಕರಾವಳಿಯ ಮಳೆಗಾಲ ಕ್ಯಾಸೆಟ್ಟಿನ ಶತ್ರು. ರೀಲಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡ ಕ್ಯಾಸೆಟ್ಟನ್ನು ವಿಸಿಆರ್‌ಗೆ ಹಾಕಲೇಬಾರದು; ಟೇಪು ಓದುವ ಹೆಡ್ಡಿಗೆ ಅಂಟಿ ಮುಂದಿನದಕ್ಕೂ ದಾಟುತ್ತದೆ. ತುಂಬಿದ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಆಗದಂತೆ ಅದರ ಪ್ಲಾಸ್ಟಿಕ್ ಎಸಳು ಮುರಿದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸುತ್ತಿದ್ದೆ.

ಕಂಪ್ಯೂಟರಿಗೆ ವರ್ಗಾಯಿಸುವ ಕಾಲ ಬಂದಾಗ ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕಿತ್ತು. ಎಲ್ಲವನ್ನೂ ಮಾಡುವುದು ಸಾಧ್ಯವಿರಲಿಲ್ಲ. ಮೊದಲು ರಿಜಿಸ್ಟರನ್ನು ಟೈಪು ಮಾಡಿಸಿದೆ. ಅದರಿಂದ ಹುಟ್ಟು ಹೃದ್ರೋಗದ ಮಕ್ಕಳು, ಕವಾಟದ ರೋಗಿಗಳು ಇದ್ದ ಕ್ಯಾಸೆಟ್ಟುಗಳನ್ನು ಆರಿಸಿ ಅವನ್ನೇ ಮುಂಚೆ ಕೂರಿಸಿದೆವು.